ಅವಳ ಕೆಲಸ ಉಳಿಯಲಿ: ಮನೆಯ ಹಿಂಸೆ ಮತ್ತು ಉದ್ಯೋಗದಾತರ ಹೊಣೆ



ದುಡಿಯುವ ಹೆಣ್ಣುಮಕ್ಕಳ ಬದುಕನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಆಶಯ. ಇಂಥ ವೇದಿಕೆಯಲ್ಲಿ ಕೂಲಿಯ ಮಾತು ಬರುತ್ತದೆ, ಹೆರಿಗೆ ರಜೆಯ ಮಾತು ಬರುತ್ತದೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ಮಾತು ಬರುತ್ತದೆ. ಇವೆಲ್ಲವೂ ಬೇಕಾದ ಮಾತುಗಳೇ. ಇಂದು ನಾನು ಆರಿಸಿಕೊಂಡಿರುವ ವಿಷಯ ಮಾತ್ರ ಕಾರ್ಖಾನೆಯ ಗೇಟಿನ ಆಚೆ ಹುಟ್ಟಿ ಒಳಗೆ ಬರುವಂಥದ್ದು. ಗಂಡನಿಂದ, ಅತ್ತೆಮನೆಯವರಿಂದ, ಕೆಲವೊಮ್ಮೆ ಹೆತ್ತವರಿಂದಲೂ ಒಡಹುಟ್ಟಿದವರಿಂದಲೂ ನಡೆಯುವ ಹಿಂಸೆ ದುಡಿಯುವ ಜಾಗವನ್ನು ಹೇಗೆ ಮುಟ್ಟುತ್ತದೆ, ಮುಟ್ಟಿದಾಗ ಕೆಲಸ ಕೊಟ್ಟವರು ಏನು ಮಾಡಬೇಕು ಎಂಬುದೇ ಆ ವಿಷಯ.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂಸೆಯ ಮನೆಯಲ್ಲಿ ಸಿಕ್ಕಿಕೊಂಡ ಹೆಣ್ಣಿಗೆ ಅವಳ ಸಂಬಳವೇ ಹೊರಗೆ ಬರುವ ದಾರಿ. ಬಾಡಿಗೆ ಮನೆಯ ಮುಂಗಡ, ಮಕ್ಕಳ ಶಾಲೆಯ ಶುಲ್ಕ, ಕೋರ್ಟಿಗೆ ಹೋಗಿಬರುವ ಖರ್ಚು ಎಲ್ಲವೂ ಆ ಸಂಬಳದಿಂದಲೇ ಬರಬೇಕು. ಆದ್ದರಿಂದ ಹಿಂಸೆಯ ಕಾರಣಕ್ಕೆ ಅವಳ ಕೆಲಸ ಕೈತಪ್ಪದಂತೆ ನೋಡಿಕೊಳ್ಳುವುದು ಮಾಲೀಕರ ಮೊದಲ ಕರ್ತವ್ಯ. ಮಾಲೀಕರು ನ್ಯಾಯಾಧೀಶರಾಗಬೇಕಿಲ್ಲ, ಪೊಲೀಸರಾಗಬೇಕಿಲ್ಲ, ಸಂಸಾರ ಕೂಡಿಸುವ ಪಂಚರಂತೂ ಆಗಲೇಬಾರದು. ಅವಳ ಕೆಲಸ ಉಳಿಸಿದರೆ ಅವರ ಪಾಲಿನ ದೊಡ್ಡ ಕೆಲಸ ಆದಂತೆ.

ಗೇಟಿನೊಳಗೆ ಬರುವ ಹಿಂಸೆ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ಮನಸ್ಸಿಗೆ ತಂದುಕೊಳ್ಳಿ. ಈಗ ದೊಡ್ಡಬಳ್ಳಾಪುರ, ಮದ್ದೂರು, ಶ್ರೀರಂಗಪಟ್ಟಣದ ಕಡೆಗೂ ಇವು ಹರಡಿವೆ. ಇಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಒಂದು ಲೈನಿನಲ್ಲಿ ಒಬ್ಬಳು ಕಾಲರ್ ಹೊಲಿಯುತ್ತಾಳೆ, ಮುಂದಿನವಳು ಕಫ್ ಕೂಡಿಸುತ್ತಾಳೆ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ತಲೆಯ ಮೇಲಿರುತ್ತದೆ. ಒಬ್ಬಳ ಕೈ ನಿಧಾನವಾದರೆ ಇಡೀ ಲೈನ್ ನಿಧಾನವಾಗುತ್ತದೆ.

ಇಂಥ ಲೈನಿನಲ್ಲಿ ಕೂತ ಟೈಲರ್ ಒಬ್ಬಳನ್ನು ಊಹಿಸಿಕೊಳ್ಳಿ. ಇವಳು ನಾನು ಕಂಡ ಯಾವುದೋ ಒಬ್ಬ ವ್ಯಕ್ತಿಯಲ್ಲ, ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಮತ್ತೆ ಮತ್ತೆ ಕೇಳುವ ಸಂಗತಿಗಳನ್ನು ಒಬ್ಬಳಲ್ಲಿ ಕೂಡಿಸಿ ಹೇಳುತ್ತಿದ್ದೇನೆ. ರಾತ್ರಿ ಪೆಟ್ಟು ಬಿದ್ದಿದೆ. ನಿದ್ದೆಯಿಲ್ಲ. ಬೆಳಿಗ್ಗೆ ಅಡುಗೆ ಮಾಡಿಟ್ಟು, ಮಕ್ಕಳನ್ನು ಹೊರಡಿಸಿ, ಓಡುತ್ತಾ ಬರುವಾಗ ಹತ್ತು ನಿಮಿಷ ತಡ. ಗೇಟಿನಲ್ಲಿ ಮಾತು ಕೇಳಬೇಕು. ಎಡಗೈ ಊದಿಕೊಂಡಿದೆ, ಬಟ್ಟೆ ಸರಿಯಾಗಿ ಹಿಡಿಯಲಾಗದು. ಸೂಪರ್‌ವೈಸರ್ ಬಂದು ಎಲ್ಲರೆದುರು ಕೂಗುತ್ತಾನೆ. ಪಕ್ಕದವಳು ಮುಖ ನೋಡಿ ಏನಾಯಿತೆಂದು ಕೇಳಿದರೆ “ಬಚ್ಚಲಲ್ಲಿ ಜಾರಿ ಬಿದ್ದೆ” ಎನ್ನುತ್ತಾಳೆ. ಪಕ್ಕದವಳಿಗೆ ಗೊತ್ತು. ಕೆಲವೊಮ್ಮೆ ಸೂಪರ್‌ವೈಸರನಿಗೂ ಗೊತ್ತು. “ಅದು ಅವರ ಮನೆ ವಿಷಯ” ಎಂಬಲ್ಲಿಗೆ ಎಲ್ಲರ ತಿಳಿವಳಿಕೆಯೂ ನಿಂತುಬಿಡುತ್ತದೆ.

ಹಿಂಸೆ ಅವಳ ಕೆಲಸವನ್ನು ನಾಲ್ಕು ಬಗೆಯಲ್ಲಿ ತಿನ್ನುತ್ತದೆ. ಮೊದಲನೆಯದು ಹಾಜರಾತಿ. ತಿಂಗಳಲ್ಲಿ ಎರಡು ಮೂರು ದಿನ ತಪ್ಪಿದರೆ ಸಂಬಳದ ಜೊತೆಗೆ ಹಾಜರಾತಿ ಭತ್ಯೆಯೂ ಹೋಗುತ್ತದೆ. ಹೇಳದೆ ಕೇಳದೆ ರಜೆ ಹಾಕುವವಳೆಂಬ ಹೆಸರು ಬರುತ್ತದೆ. ಎರಡನೆಯದು ದುಡಿಯುವ ಶಕ್ತಿ. ಹೆದರಿದ ಮನಸ್ಸು ಸೂಜಿಯ ಮೇಲೆ ನಿಲ್ಲುವುದಿಲ್ಲ, ಯಂತ್ರದ ಮುಂದೆ ಅದು ಅಪಾಯವೂ ಹೌದು. ಮೂರನೆಯದು, ಹಿಂಸೆ ಮಾಡುವವನೇ ಕೆಲಸದ ಜಾಗಕ್ಕೆ ಬರುವುದು. ಗೇಟಿನ ಹೊರಗೆ ಕಾಯುತ್ತಾನೆ, ಬಸ್ ನಿಲ್ದಾಣದಲ್ಲಿ ಅಡ್ಡಗಟ್ಟುತ್ತಾನೆ, ಕಚೇರಿಯ ದೂರವಾಣಿಗೆ ಮೇಲಿಂದ ಮೇಲೆ ಕರೆ ಮಾಡುತ್ತಾನೆ, ಮೇಲಧಿಕಾರಿಯ ಬಳಿ ಅವಳ ನಡತೆಯ ಬಗ್ಗೆ ಇಲ್ಲದ್ದನ್ನು ಹೇಳುತ್ತಾನೆ. ಮನೆ ಬಿಟ್ಟು ತವರಿಗೋ ಗೆಳತಿಯ ಮನೆಗೋ ಹೋದವಳ ಹೊಸ ವಿಳಾಸ ಅವನಿಗೆ ತಿಳಿಯದಿರಬಹುದು, ಕೆಲಸದ ವಿಳಾಸ ಮಾತ್ರ ತಿಳಿದೇ ಇರುತ್ತದೆ. ನಾಲ್ಕನೆಯದು ಸಂಬಳ. ಸಂಬಳ ಅವಳ ಖಾತೆಗೇ ಬರುತ್ತದೆ, ಆದರೆ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ, ಪಿನ್ ಅವನ ಬಾಯಲ್ಲಿ.

ಮಾಹಿತಿ ತಂತ್ರಜ್ಞಾನದ ಕಚೇರಿಗಳಲ್ಲಿ ಇದರ ರೂಪ ಬೇರೆ, ಒಳಗಿನ ಹುರುಳು ಅದೇ. 2020ರಲ್ಲಿ ಮನೆಯೇ ಕಚೇರಿಯಾದಾಗ, ದಿನಕ್ಕೆ ಎಂಟು ಹತ್ತು ಗಂಟೆ ಹಿಂಸೆಯಿಂದ ದೂರವಿರುತ್ತಿದ್ದ ಹೆಣ್ಣುಮಕ್ಕಳಿಗೆ ಆ ಬಿಡುವೂ ತಪ್ಪಿತು. ಸಭೆಯ ಹೊತ್ತಿಗೆ ಸರಿಯಾಗಿ ವೈಫೈ ಆರಿಸುವುದು, ಲ್ಯಾಪ್‌ಟಾಪ್ ಒಡೆಯುವುದು, ಪಕ್ಕದಲ್ಲಿ ಕೂತು ಯಾರ ಜೊತೆ ಮಾತಾಡುತ್ತಿದ್ದೀಯೆಂದು ಕಾಯುವುದು ಇವೂ ಹಿಂಸೆಯೇ. ಮನೆಯಿಂದ ಕೆಲಸ ಮಾಡುವುದು ಎಲ್ಲರಿಗೂ ಅನುಕೂಲವೆಂದು ನಂಬಿರುವ ಆಡಳಿತಗಾರರು ಈ ಮಾತನ್ನು ನೆನಪಿಡಬೇಕು. ಕಚೇರಿಗೆ ಬಂದು ಕೂರುವ ಹಕ್ಕು ಕೆಲವರಿಗೆ ಜೀವದ ಪ್ರಶ್ನೆ.

ಸಂಬಳ ತರುವ ಹೆಣ್ಣು

ಇದು ಅಲ್ಲೊಂದು ಇಲ್ಲೊಂದು ಮನೆಯ ಕತೆಯೇ? 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಉತ್ತರ ಕೇಳಿ. ಮದುವೆಯಾದ 18ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ 29.3. ಕರ್ನಾಟಕದಲ್ಲಿ ಶೇ 44.4. ಇದು ಬೇರೆ ಯಾವುದೇ ರಾಜ್ಯಕ್ಕಿಂತ ಹೆಚ್ಚು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಏನೇ ಇದ್ದರೂ ನೂರು ಮಂದಿ ಮದುವೆಯಾದ ಹೆಂಗಸರು ದುಡಿಯುವ ಕಡೆ ಇದು ಯಾರದೋ ಒಬ್ಬರ ಗೋಳೆಂದು ಹೇಳುವ ಹಾಗಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಲಕುತ್ತದೆ. ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರಲ್ಲಾದರೂ ಸಹಾಯ ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ಸಹಾಯ ಕೇಳಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ” ಎಂದು ಕಲಿಸಿದ ಸಮಾಜದಲ್ಲಿ ಹೇಳಿಕೊಳ್ಳುವ ಬಾಯಿ ಎಲ್ಲಿಂದ ಬರಬೇಕು? ಉಂಡು ಮಲಗುವುದರೊಳಗೆ ಮುಗಿಯುವುದು ಜಗಳ. ಮೂಳೆ ಮುರಿಯುವುದು, ಸಂಬಳ ಕಸಿಯುವುದು, ಕೊಲ್ಲುವೆನೆಂದು ಬೆದರಿಸುವುದು ಜಗಳದ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸಕ್ಕೆ ಸೇರಿದರೆ ಹೆಣ್ಣು ತಾನಾಗಿಯೇ ಸುರಕ್ಷಿತಳಾಗುತ್ತಾಳೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ಬೆಂಗಳೂರಿನ ಬಡ ಬಡಾವಣೆಗಳ 744 ಮಂದಿ ಎಳೆಯ ವಿವಾಹಿತೆಯರನ್ನು ಸತತವಾಗಿ ಗಮನಿಸಿ ಸುನೀತಾ ಕೃಷ್ಣನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬೇರೆಯ ಉತ್ತರ ಕೊಡುತ್ತದೆ. ಎರಡು ಭೇಟಿಗಳ ನಡುವೆ ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ, ಕೆಲಸವಿಲ್ಲದೇ ಉಳಿದವರಿಗಿಂತ, ಹಿಂಸೆಗೆ ಗುರಿಯಾಗುವ ಸಂಭವ ಶೇ 80ರಷ್ಟು ಹೆಚ್ಚಿತ್ತು. ಸ್ಥಿರವಾಗಿ ದುಡಿಯುತ್ತಿದ್ದ ಗಂಡನಿಗೆ ಕೆಲಸದ ತೊಂದರೆ ಬಂದಾಗಲೂ ಹಿಂಸೆ ಹೆಚ್ಚಿತು. ಅವಳು ಸಂಬಳ ತರುವುದು, ಹೊರಗೆ ನಾಲ್ಕು ಜನರೊಡನೆ ಮಾತಾಡುವುದು, ತನ್ನದೆಂದು ಒಂದು ಖಾತೆ ಇಟ್ಟುಕೊಳ್ಳುವುದು ಅವನ ಯಜಮಾನಿಕೆಗೆ ಪೆಟ್ಟಾಗುತ್ತದೆ. ಆದ್ದರಿಂದ ಅವನು ಹೊಡೆಯುವುದು ಅವಳನ್ನಷ್ಟೇ ಅಲ್ಲ, ಅವಳ ಕೆಲಸವನ್ನೂ ಹೊಡೆಯುತ್ತಾನೆ. ನಾವು ಕೊಟ್ಟ ನೌಕರಿಯೇ ಅವಳ ಮನೆಯಲ್ಲಿ ಸಿಟ್ಟಿಗೆ ಕಾರಣವಾಗಬಹುದೆಂದು ತಿಳಿದ ಮೇಲೆ, ಗೇಟಿನಾಚೆಯದು ನಮಗೆ ಸಂಬಂಧವಿಲ್ಲ ಎನ್ನಲು ಮಾಲೀಕರಿಗೆ ಸಾಧ್ಯವಿಲ್ಲ.

ಕಾನೂನು ಕಂಡಿರುವ ಕೆಲಸದ ಜಾಗ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದನ್ನು ಮನೆಯ ಕಾನೂನೆಂದು ತಿಳಿದು ಕಾರ್ಖಾನೆಯ ಆಡಳಿತಗಾರರು ಓದುವುದೇ ಇಲ್ಲ. ಓದಿದರೆ ಅದರೊಳಗೆ ಕೆಲಸದ ಜಾಗ ಹಲವು ಕಡೆ ಕಾಣುತ್ತದೆ.

ಈ ಕಾಯ್ದೆ ಹಿಂಸೆಯೆಂದರೆ ಪೆಟ್ಟು ಮಾತ್ರ ಎನ್ನುವುದಿಲ್ಲ. ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನೆಯ ಹಿಂಸೆಯ ಜೊತೆಗೆ ಆರ್ಥಿಕ ಹಿಂಸೆಯನ್ನೂ ಹೆಸರಿಸುತ್ತದೆ. ಕೆಲಸಕ್ಕೆ ಹೋಗದಂತೆ ತಡೆಯುವುದು, ಕೆಲಸಕ್ಕೆ ಅಡ್ಡಿಪಡಿಸುವುದು, ಸಂಬಳ ಕಿತ್ತುಕೊಳ್ಳುವುದು ಇವೆಲ್ಲ ದೂರಿನಲ್ಲಿ ಬರೆಸಬಹುದಾದ ಸಂಗತಿಗಳು. 18ನೇ ಕಲಮಿನ ಅಡಿ ಮ್ಯಾಜಿಸ್ಟ್ರೇಟರು ಸಂರಕ್ಷಣಾ ಆದೇಶ ಕೊಡಬಹುದು. ಅವಳು ಕೆಲಸ ಮಾಡುವ ಜಾಗಕ್ಕೆ ಅವನು ಕಾಲಿಡಬಾರದು, ದೂರವಾಣಿಯಲ್ಲಾಗಲಿ ಬೇರೆ ಯಾವ ರೀತಿಯಲ್ಲಾಗಲಿ ಅವಳನ್ನು ಸಂಪರ್ಕಿಸಬಾರದು, ಅವಳಿಗೆ ನೆರವಾದವರ ಮೇಲೂ ಕೈಮಾಡಬಾರದು ಎಂದು ಆ ಆದೇಶದಲ್ಲಿ ಬರೆಯಬಹುದು. ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 27ನೇ ಕಲಮಿನ ಪ್ರಕಾರ ಅವಳು ದುಡಿಯುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. 20ನೇ ಕಲಮು ಅವಳು ಕಳೆದುಕೊಂಡ ಸಂಪಾದನೆಗೆ ಪರಿಹಾರ ಕೊಡಿಸುತ್ತದೆ. ಹಣ ಕೊಡಬೇಕೆಂಬ ಆದೇಶವನ್ನು ಗಂಡ ಪಾಲಿಸದಿದ್ದರೆ, ಅವನ ಸಂಬಳದ ಒಂದು ಭಾಗವನ್ನು ನೇರವಾಗಿ ಅವಳಿಗೆ ಕೊಡುವಂತೆ ಅವನ ಮಾಲೀಕರಿಗೇ ನ್ಯಾಯಾಲಯ ಸೂಚಿಸಬಹುದು. 4ನೇ ಕಲಮು ಎಲ್ಲರಿಗೂ ಅನ್ವಯಿಸುವಂಥದ್ದು. ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬೀಳುವುದಿಲ್ಲ.

ಹೀಗೆ ಶಾಸನ ಮಾಲೀಕರನ್ನು ಎರಡು ಕಡೆ ಕಂಡಿದೆ: ಹಿಂಸೆಗೆ ಒಳಗಾದವಳ ಮಾಲೀಕರು ಒಂದು ಕಡೆ, ಹಿಂಸೆ ಮಾಡಿದವನ ಮಾಲೀಕರು ಇನ್ನೊಂದು ಕಡೆ. ಆದರೆ ರಜೆಯ ವಿಷಯದಲ್ಲಿ ನಮ್ಮ ಕಾನೂನು ಮೌನವಾಗಿದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ, ಕೆಲಸದ ಜಾಗದ ಕಿರುಕುಳದ ವಿಚಾರಣೆ ನಡೆಯುವಾಗ ದೂರುದಾರಳಿಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಿಸಬಹುದು. ಅಷ್ಟೇ ನೋವು ಮನೆಯಲ್ಲಿ ಆದರೆ, ಕೋರ್ಟಿಗೆ ಹೋಗಲು ಒಂದು ದಿನದ ರಜೆಯೂ ಹಕ್ಕಾಗಿ ಸಿಗುವುದಿಲ್ಲ.

ಹೊರಗಿನ ದಾರಿಗಳು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರ ಜೂನ್‌ನಲ್ಲಿ ಜಿನೀವಾದಲ್ಲಿ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ದುಡಿಮೆಯ ಲೋಕದ ಹಿಂಸೆ ಮತ್ತು ಕಿರುಕುಳವನ್ನು ಕುರಿತ ಈ ಒಡಂಬಡಿಕೆಯಲ್ಲಿ, ಕೌಟುಂಬಿಕ ಹಿಂಸೆ ಕೆಲಸದ ಮೇಲೆ ಬೀರುವ ಪರಿಣಾಮವನ್ನು ಸರ್ಕಾರಗಳು ಗುರುತಿಸಿ ಅದನ್ನು ತಗ್ಗಿಸಬೇಕೆಂಬ ಮಾತಿದೆ. ಅದರ ಜೊತೆಗೆ ಬಂದ 206ನೆಯ ಶಿಫಾರಸು ಇದನ್ನು ಬಿಡಿಸಿ ಹೇಳುತ್ತದೆ: ರಜೆ, ಹೊಂದಿಸಿಕೊಳ್ಳಬಹುದಾದ ಕೆಲಸದ ವೇಳೆ, ಕೆಲಸದಿಂದ ತೆಗೆಯದಂತೆ ತಾತ್ಕಾಲಿಕ ರಕ್ಷಣೆ, ಅಪಾಯದ ಅಂದಾಜಿನಲ್ಲಿ ಮನೆಯ ಹಿಂಸೆಯನ್ನೂ ಸೇರಿಸುವುದು, ನೆರವು ಸಿಗುವ ಕಡೆಗೆ ದಾರಿ ತೋರಿಸುವುದು, ತಿಳಿವಳಿಕೆ ಮೂಡಿಸುವುದು. ಭಾರತ ಈ ಒಡಂಬಡಿಕೆಯನ್ನು ಇನ್ನೂ ಅನುಮೋದಿಸಿಲ್ಲ. ಅನುಮೋದಿಸಬೇಕೆಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ಶ್ರೀಮಂತ ದೇಶಗಳಿಗೆ ಮಾತ್ರ ಇದು ಸಾಧ್ಯ ಎನ್ನುವವರು ಫಿಲಿಪೈನ್ಸ್ ಕಡೆ ನೋಡಬೇಕು. ಆ ದೇಶ 2004ರಲ್ಲೇ ಹಿಂಸೆಗೆ ಒಳಗಾದ ಹೆಂಗಸರಿಗೆ ಹತ್ತು ದಿನಗಳ ವೇತನಸಹಿತ ರಜೆಯನ್ನು ಶಾಸನವಾಗಿ ಕೊಟ್ಟಿತು. ನ್ಯೂಜಿಲೆಂಡಿನಲ್ಲಿ 2019ರ ಏಪ್ರಿಲ್‌ನಿಂದ ಹತ್ತು ದಿನ. ಆಸ್ಟ್ರೇಲಿಯಾ 2022ರಲ್ಲಿ ಕಾನೂನು ಮಾಡಿ 2023ರಿಂದ ಸಣ್ಣ ಉದ್ಯಮಗಳೂ ಸೇರಿದಂತೆ ಎಲ್ಲೆಡೆ ಹತ್ತು ದಿನ ಕೊಡುತ್ತಿದೆ. ಅಲ್ಲಿನ ಒಂದು ನಿಯಮ ನಮಗೆ ಪಾಠ. ಈ ರಜೆ ಪಡೆದ ವಿಷಯ ಸಂಬಳದ ಚೀಟಿಯಲ್ಲಿ ಕಾಣಬಾರದು, ಏಕೆಂದರೆ ಆ ಚೀಟಿಯನ್ನು ಹಿಂಸೆ ಮಾಡುವವನೂ ನೋಡಬಹುದು. ನೊಂದವಳ ಮನೆಯ ಒಳಗನ್ನು ತಿಳಿದು ಬರೆದ ನಿಯಮ ಅದು.

ಕೆನಡಾದ ಒಂಟಾರಿಯೊ ಪ್ರಾಂತದ ಅನುಭವ ಇನ್ನೂ ಕಠೋರ. 2005ರಲ್ಲಿ ವಿಂಡ್ಸರ್ ನಗರದ ಆಸ್ಪತ್ರೆಯೊಂದರ ಒಳಗೇ ನರ್ಸ್ ಒಬ್ಬರನ್ನು ಅವರು ದೂರ ಸರಿಸಿದ್ದ ಹಳೆಯ ಸಂಗಾತಿ ಕೊಂದ. ಅವನೂ ಅದೇ ಆಸ್ಪತ್ರೆಯ ವೈದ್ಯ. ಅವನ ಕಿರುಕುಳ ಅಲ್ಲಿನವರಿಗೆ ಮೊದಲೇ ತಿಳಿದಿತ್ತು. ಆ ಸಾವಿನ ಬಳಿಕ ಒಂಟಾರಿಯೊ ತನ್ನ ಔದ್ಯೋಗಿಕ ಸುರಕ್ಷತಾ ಕಾನೂನನ್ನು 2009ರಲ್ಲಿ ತಿದ್ದಿತು. ಮನೆಯ ಹಿಂಸೆ ಕೆಲಸದ ಜಾಗಕ್ಕೆ ಬಂದು ನೌಕರರಿಗೆ ಪೆಟ್ಟಾಗುವ ಸಂಭವ ಮಾಲೀಕರಿಗೆ ತಿಳಿದಿದ್ದರೆ, ಅಥವಾ ತಿಳಿದಿರಬೇಕಾಗಿದ್ದರೆ, ಸಾಧ್ಯವಿರುವ ಎಲ್ಲ ಮುನ್ನೆಚ್ಚರಿಕೆ ತೆಗೆದುಕೊಳ್ಳಬೇಕೆಂದು ಹೇಳಿತು. ತಿಳಿದಿರಬೇಕಾಗಿದ್ದರೆ ಎಂಬ ಆ ಮಾತನ್ನು ಗಮನಿಸಿ. ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಲು ಅದು ಬಿಡುವುದಿಲ್ಲ.

ಮಾಲೀಕರು ಮಾಡಬೇಕಾದದ್ದು

ಕಾನೂನು ಬರಲೆಂದು ಕಾಯಬೇಕಿಲ್ಲ. ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ.

ಮೊದಲು ಬೇಕಾದದ್ದು ಒಂದು ಪುಟದ ಭರವಸೆ. ಮನೆಯಲ್ಲಿ ಹಿಂಸೆಗೆ ಒಳಗಾದ ಕಾರಣಕ್ಕೆ ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಬಡ್ತಿ ತಪ್ಪಿಸುವುದಿಲ್ಲ, ಹೇಳಿಕೊಂಡವರ ಗುಟ್ಟು ಬಯಲು ಮಾಡುವುದಿಲ್ಲ ಎಂದು ಅದರಲ್ಲಿ ಕನ್ನಡದಲ್ಲಿ ಬರೆದಿರಬೇಕು. ಕೆಲಸಗಾರರು ಆಡುವ ಬೇರೆ ಭಾಷೆಗಳಲ್ಲೂ ಇರಬೇಕು, ಏಕೆಂದರೆ ಬೆಂಗಳೂರಿನ ಲೈನುಗಳಲ್ಲಿ ಈಗ ಒಡಿಶಾ, ಜಾರ್ಖಂಡಿನ ಹುಡುಗಿಯರೂ ಕೂತಿದ್ದಾರೆ. ಈ ಭರವಸೆ ಗಂಡಸರಿಗೂ, ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸಲಿ. ಅದರ ಜೊತೆಗೆ ಸಹಾಯವಾಣಿಯ ಸಂಖ್ಯೆಗಳನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಬದಿಯಲ್ಲಿ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ಓದಬಹುದಾದ ಜಾಗ ಅದೊಂದೇ.

ಎರಡನೆಯದು, ಕೇಳಿಸಿಕೊಳ್ಳುವ ಒಬ್ಬರು. ದೊಡ್ಡ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಷ್ಟು ಹಳೆಯದು. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು. ಮನೆಯ ಹಿಂಸೆಯ ವಿಚಾರಣೆ ನಡೆಸುವ ಅಧಿಕಾರ ಆ ಸಮಿತಿಗಿಲ್ಲ, ಇರಲೂಬಾರದು. ಆದರೆ ಅದರ ಒಬ್ಬ ಸದಸ್ಯೆಗೆ ತರಬೇತಿ ಕೊಟ್ಟು ಈ ಕೆಲಸಕ್ಕೆ ಗುರುತಿಸಬಹುದು. ತರಬೇತಿ ಸೂಪರ್‌ವೈಸರುಗಳಿಗೂ ಬೇಕು, ಬಹುಶಃ ಅವರಿಗೇ ಮೊದಲು. ಯಾರೋ ಪದೇಪದೇ ತಡವಾಗಿ ಬರುತ್ತಿದ್ದರೆ ಕೂಗುವ ಮೊದಲು ಬದಿಗೆ ಕರೆದು “ಎಲ್ಲಾ ಸರಿಯಿದೆಯಾ? ನಮ್ಮಿಂದ ಏನಾದರೂ ಆಗಬೇಕಾ?” ಎಂದು ಕೇಳುವುದು ಕಲಿಸಬೇಕಾದ ಪಾಠ. ಅವಳು ಹೇಳದಿದ್ದರೆ ಒತ್ತಾಯಿಸಬಾರದು. ಹೇಳಿದರೆ ನಂಬಬೇಕು. “ನೀನೇನು ಮಾಡಿದ್ದೆ?” ಎಂದು ಕೇಳಬಾರದು. “ಮಕ್ಕಳ ಮುಖ ನೋಡಿಕೊಂಡು ಹೊಂದಿಕೊಂಡು ಹೋಗು” ಎನ್ನಬಾರದು.

ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಒಳ್ಳೆಯ ಮನಸ್ಸಿನ ಮೇಲಧಿಕಾರಿಗಳು ಮಾಡುವ ದೊಡ್ಡ ಅನಾಹುತವೆಂದರೆ ಗಂಡನನ್ನು ಕರೆಸಿ ಬುದ್ಧಿ ಹೇಳುವುದು. ಅವನು ಅವರ ಮುಂದೆ ಕೈಮುಗಿದು ಹೋಗುತ್ತಾನೆ, ಆ ರಾತ್ರಿಯ ಪೆಟ್ಟು ಹಿಂದಿನದಕ್ಕಿಂತ ಹೆಚ್ಚಾಗುತ್ತದೆ. ಹೆಣ್ಣು ಮನೆ ಬಿಡಲು ಸಿದ್ಧಳಾಗುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ಆದ್ದರಿಂದ ಪ್ರತಿ ಹೆಜ್ಜೆಯನ್ನೂ ಅವಳೇ ನಿರ್ಧರಿಸಬೇಕು. ಜೀವಕ್ಕೆ ಆ ಕ್ಷಣದ ಅಪಾಯವಿದ್ದಾಗ 112ಕ್ಕೆ ಕರೆ ಮಾಡುವುದೊಂದನ್ನು ಬಿಟ್ಟು, ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಏನನ್ನೂ ಹೇಳಬಾರದು.

ಮೂರನೆಯದು ರಜೆ. ವರ್ಷಕ್ಕೆ ಹತ್ತು ದಿನ ವೇತನಸಹಿತ ರಜೆಯನ್ನು ಸಂಸ್ಥೆಗಳು ತಾವಾಗಿಯೇ ಕೊಡಬಹುದು. ವೈದ್ಯರ ಬಳಿ, ಠಾಣೆಗೆ, ವಕೀಲರ ಬಳಿ, ನ್ಯಾಯಾಲಯಕ್ಕೆ, ಹೊಸ ಮನೆ ಹುಡುಕಲು, ಮಕ್ಕಳ ಶಾಲೆ ಬದಲಿಸಲು ಅಷ್ಟು ದಿನ ಬೇಕೇ ಬೇಕು. ಅರ್ಧ ದಿನವಾಗಿ, ಗಂಟೆಗಳಾಗಿ ಬಳಸಲು ಬಿಡಬೇಕು. ಎಫ್‌ಐಆರ್ ಪ್ರತಿ ತಾ ಎನ್ನಬಾರದು. ದಾಖಲೆಯಲ್ಲಿ ವಿಶೇಷ ರಜೆ ಎಂದಷ್ಟೇ ಇರಲಿ. ಈ ದಿನಗಳಿಗೆ ಹಾಜರಾತಿ ಭತ್ಯೆ ಕತ್ತರಿಸಬಾರದು.

ನಾಲ್ಕನೆಯದು ಸುರಕ್ಷತೆ. ಅವಳು ಬಯಸಿದರೆ ಅವನ ಫೋಟೊ ಗೇಟಿನ ಕಾವಲುಗಾರರ ಬಳಿ ಇರಲಿ. ಸಂರಕ್ಷಣಾ ಆದೇಶ ಸಿಕ್ಕಿದ್ದರೆ ಅದರ ಪ್ರತಿಯೂ ಇರಲಿ. ಅವಳು ಇಂದು ಬಂದಿದ್ದಾಳೆಯೇ, ಯಾವ ಶಿಫ್ಟು, ಯಾವ ಬಸ್ಸು ಎಂದು ದೂರವಾಣಿಯಲ್ಲಿ ಕೇಳುವ ಯಾರಿಗೂ ಹೇಳಬಾರದು. ಶಿಫ್ಟು ಬದಲಿಸಿ, ಇನ್ನೊಂದು ಘಟಕಕ್ಕೆ ವರ್ಗ ಕೇಳಿದರೆ ಕೊಡಿ. ಕಾರ್ಖಾನೆಯ ಶಿಶುಪಾಲನಾ ಕೇಂದ್ರದಿಂದ ಮಗುವನ್ನು ಯಾರು ಕರೆದೊಯ್ಯಬಹುದೆಂದು ಅವಳಿಂದ ಬರೆಸಿಕೊಳ್ಳಿ. ಮಗುವನ್ನು ಎತ್ತಿಕೊಂಡು ಹೋಗಿ ತಾಯಿಯನ್ನು ಬಗ್ಗಿಸುವುದು ಹಳೆಯ ಉಪಾಯ. ರಾತ್ರಿ ಪಾಳಿಯ ವಾಹನದ ಚಾಲಕನಿಗೆ, ಅವಳು ಬಾಗಿಲ ಒಳಗೆ ಹೋಗುವವರೆಗೆ ಕಾಯಲು ಹೇಳಿ.

ಐದನೆಯದು ಹಣ. ಸಂಬಳದ ಖಾತೆ ಬದಲಿಸಲು ಅವಳು ಅರ್ಜಿ ಕೊಟ್ಟರೆ, ಕಾರಣ ಕೇಳದೆ ಅದೇ ತಿಂಗಳಿನಿಂದ ಬದಲಿಸಬೇಕು. ಸಂಬಳದ ಸಂದೇಶ ಹೋಗುವ ಮೊಬೈಲ್ ಸಂಖ್ಯೆಯನ್ನೂ ಬದಲಿಸಬೇಕು. ವಿಮೆ, ಭವಿಷ್ಯನಿಧಿ, ಗ್ರಾಚ್ಯುಟಿಗಳಿಗೆ ನಾಮನಿರ್ದೇಶನ ಮಾಡಿರುವ ಹೆಸರುಗಳನ್ನು ಮತ್ತೊಮ್ಮೆ ನೋಡಲು ನೆರವಾಗಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಭವಿಷ್ಯನಿಧಿ ಹಿಂಪಡೆಯುವ ಹೊಸ ನಿಯಮದ ವಿರುದ್ಧ ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಬಂದದ್ದು ನಿಮಗೆ ನೆನಪಿರಬಹುದು. ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಹೆಂಗಸರಿಗೆ ಅದು ಮುಪ್ಪಿನ ಹಣ ಮಾತ್ರವಾಗಿರಲಿಲ್ಲ, ಕಷ್ಟ ಬಂದ ದಿನ ಕೈಗೆ ಸಿಗುವ ಒಂದೇ ಗಂಟಾಗಿತ್ತು. ಎರಡು ತಿಂಗಳ ಸಂಬಳದಷ್ಟು ಬಡ್ಡಿಯಿಲ್ಲದ ಮುಂಗಡ ಸಿಗುವಂತಿದ್ದರೆ ಭವಿಷ್ಯನಿಧಿಗಾಗಿ ಕೆಲಸವನ್ನೇ ಬಿಡುವ ಪ್ರಸಂಗ ಅವಳಿಗೆ ಬರುವುದಿಲ್ಲ.

ಆರನೆಯದು ದಾರಿ ತೋರಿಸುವುದು. ನೆರವಿನ ಕೇಂದ್ರಗಳು ನಮ್ಮ ರಾಜ್ಯದಲ್ಲಿ ಇವೆ, ಅವುಗಳ ವಿಳಾಸ ದುಡಿಯುವ ಹೆಂಗಸರಿಗೆ ತಲುಪಿಲ್ಲ. ಮಹಿಳಾ ಸಹಾಯವಾಣಿ 181. ಜಿಲ್ಲೆಗಳಲ್ಲಿ ಸಖಿ ಒನ್ ಸ್ಟಾಪ್ ಕೇಂದ್ರಗಳು. ಸಾಂತ್ವನ ಕೇಂದ್ರಗಳು. ಬೆಂಗಳೂರಿನಲ್ಲಿ ಪೊಲೀಸ್ ಇಲಾಖೆಯ ವನಿತಾ ಸಹಾಯವಾಣಿ. 1979ರಿಂದ ದುಡಿಯುತ್ತಿರುವ ವಿಮೋಚನಾದಂಥ ಮಹಿಳಾ ಸಂಘಟನೆಗಳು. ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಕಾನೂನು ಸೇವೆಗಳ ಪ್ರಾಧಿಕಾರ 15100 ಸಂಖ್ಯೆಯಲ್ಲಿ ಸಿಗುತ್ತದೆ, ಹೆಣ್ಣಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ. ಕಲ್ಯಾಣಾಧಿಕಾರಿ ಈ ಕಚೇರಿಗಳಿಗೆ ತಾವೇ ಹೋಗಿ ಅಲ್ಲಿನವರ ಪರಿಚಯ ಮಾಡಿಕೊಂಡಿರಬೇಕು. ಸಂಖ್ಯೆ ಬರೆದುಕೊಡುವುದಕ್ಕೂ, “ಅಲ್ಲಿ ಇಂಥವರಿದ್ದಾರೆ, ನಾನು ಮಾತಾಡಿದ್ದೇನೆ, ಹೋಗಿ ಬಾ” ಎನ್ನುವುದಕ್ಕೂ ಬಹಳ ಅಂತರವಿದೆ.

ಕೊನೆಯದು ಎಲ್ಲರೂ ಮರೆಯುವ ಸಂಗತಿ. ಹಿಂಸೆ ಮಾಡುವವನೂ ಎಲ್ಲೋ ನೌಕರನೇ. ಕಂಪನಿಯ ಫೋನಿನಿಂದ ಬೆದರಿಸುವುದು, ಕಂಪನಿಯ ವಾಹನದಲ್ಲಿ ಹೋಗಿ ಹೆಂಡತಿಯ ಗೇಟಿನಲ್ಲಿ ನಿಲ್ಲುವುದು, ಕೆಲಸದ ಹೊತ್ತಿನಲ್ಲಿ ಹಿಂಬಾಲಿಸುವುದು ಶಿಸ್ತಿನ ಉಲ್ಲಂಘನೆಯೆಂದು ನಿಯಮದಲ್ಲಿ ಬರೆಯಬೇಕು. ನೌಕರನ ಮನೆಯ ನಡತೆ ಮಾಲೀಕರಿಗೆ ಸಂಬಂಧಿಸಿದ್ದಲ್ಲ ಎಂಬ ವಾದ ನಿಲ್ಲುವುದಿಲ್ಲ. ಸರ್ಕಾರಿ ನೌಕರರ ನಡತೆ ನಿಯಮಗಳು ವರದಕ್ಷಿಣೆಯನ್ನೂ ಎರಡನೆಯ ಮದುವೆಯನ್ನೂ ಬಹುಕಾಲದಿಂದ ನಿಷೇಧಿಸಿವೆ. ಹಾಗೆಯೇ ಬದಲಾಗಲು ಬಯಸುವ ಗಂಡಸಿಗೆ ಆಪ್ತಸಮಾಲೋಚನೆ, ಕುಡಿತ ಬಿಡಿಸುವ ಚಿಕಿತ್ಸೆ ಸಿಗುವಂತೆ ಮಾಡಬೇಕು. ಆದರೆ ಕುಡಿತ ಹಿಂಸೆಗೆ ನೆಪವಾಗಬಾರದು. ಕುಡಿದವನು ಮೇಲಧಿಕಾರಿಯ ಮೇಲೆ ಕೈ ಎತ್ತುವುದಿಲ್ಲ, ಹೆಂಡತಿಯ ಮೇಲೆ ಎತ್ತುತ್ತಾನೆ.

ಸಣ್ಣ ಮಾಲೀಕರು, ಮನೆಯೊಡೆಯರು, ಸರ್ಕಾರ

ಇದೆಲ್ಲ ದೊಡ್ಡ ಕಂಪನಿಗಳಿಗೆ ಮಾತ್ರವೇ ಎಂದು ಕೇಳಬಹುದು. ನಾಲ್ಕು ಜನರ ಅಂಗಡಿಗೆ ಸಮಿತಿ ಬೇಕಿಲ್ಲ. ಎರಡು ದಿನ ಬಾರದವಳನ್ನು ಮೂರನೆಯ ದಿನ ಕೆಲಸದಿಂದ ತೆಗೆಯದಿರುವುದು, ಸಂಬಳವನ್ನು ಅವಳ ಕೈಗೇ ಕೊಡುವುದು, 181 ಎಂಬ ಸಂಖ್ಯೆಯನ್ನು ತಿಳಿಸುವುದು ಯಾರಿಗೂ ಭಾರವಲ್ಲ.

ಈ ಸಭೆಯಲ್ಲಿ ಕೂತವರಲ್ಲಿ ಬಹುತೇಕರು ಮಾಲೀಕರೇ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ಅಡುಗೆ ಮಾಡುವ ಹೆಂಗಸರಿಗೆ ಕೆಲಸ ಕೊಟ್ಟವರು ನಾವು. ಮನೆಗೆಲಸದವರಿಗೆ ಕರ್ನಾಟಕ 2004ರಲ್ಲಿ ಕನಿಷ್ಠ ವೇತನ ನಿಗದಿ ಮಾಡಿತು. ಅವರ ಮನೆಯಲ್ಲಿ ಹಿಂಸೆ ನಡೆದರೆ ಅವರಿಗೆ ಕಲ್ಯಾಣಾಧಿಕಾರಿಯಿಲ್ಲ, ಗೇಟಿನ ಕಾವಲುಗಾರನಿಲ್ಲ, ರಜೆಯ ಪುಸ್ತಕವಿಲ್ಲ. ಅವರ ಬಾಸುಂಡೆಯನ್ನು ಮೊದಲು ಕಾಣುವುದು ನಮ್ಮ ಅಡುಗೆಮನೆಯಲ್ಲಿ. ಕಂಡ ಮೇಲೆ ನಾವು ಒಂದು ಲೋಟ ಕಾಫಿ ಕೊಟ್ಟು ಸುಮ್ಮನಾದರೆ ಸಾಲದು. ರಜೆಯ ಸಂಬಳ ಕೊಡಬೇಕು, ಜೊತೆಗೆ ಸಾಂತ್ವನ ಕೇಂದ್ರದವರೆಗೆ ಹೋಗಬೇಕು.

ಇನ್ನು ಸರ್ಕಾರ. ಅದು ರಾಜ್ಯದ ದೊಡ್ಡ ಉದ್ಯೋಗದಾತ. ಶಿಕ್ಷಕಿಯರು, ದಾದಿಯರು, ಪೌರಕಾರ್ಮಿಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಅದರ ನೆರಳಲ್ಲಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನದ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಹೆಣ್ಣಿನ ದೇಹದ ನೋವನ್ನು ರಜೆಯ ನಿಯಮದಲ್ಲಿ ಗುರುತಿಸಲು ಮುಂದಾದ ರಾಜ್ಯಕ್ಕೆ, ಹಿಂಸೆಯಿಂದ ಬಂದ ನೋವನ್ನು ಗುರುತಿಸುವುದು ಕಷ್ಟವಾಗಬಾರದು. ಮೊದಲು ತನ್ನ ನೌಕರರಿಗೆ, ಹೊರಗುತ್ತಿಗೆಯವರೂ ಸೇರಿದಂತೆ, ಈ ರಜೆಯನ್ನು ಸರ್ಕಾರ ಕೊಡಲಿ.

ಮೂರು ಆಕ್ಷೇಪಗಳು

ಇದು ಖಾಸಗಿ ವಿಷಯವಲ್ಲವೇ? ಯಾರ ಮನೆಗೂ ಇಣುಕಿ ನೋಡಿ ಎಂದು ನಾನು ಹೇಳುತ್ತಿಲ್ಲ. ಅವಳಾಗಿ ಬಾಗಿಲು ತಟ್ಟಿದಾಗ ತೆರೆಯಿರಿ ಎನ್ನುತ್ತಿದ್ದೇನೆ. ಅವಳ ಖಾಸಗಿತನವನ್ನು ಮುರಿದವನು ಅವಳನ್ನು ಹೊಡೆದವನು.

ದುರುಪಯೋಗ ಆಗುವುದಿಲ್ಲವೇ? ಗಂಡನಿಂದ ಪೆಟ್ಟು ತಿಂದೆನೆಂದು ಹೇಳಿಕೊಳ್ಳುವುದು ನಮ್ಮ ಸಮಾಜದಲ್ಲಿ ಇಂದಿಗೂ ಹೆಣ್ಣಿಗೇ ಅವಮಾನ. ಆ ಅವಮಾನ ಹೊತ್ತು ರಜೆ ಕೇಳುವುದಕ್ಕಿಂತ ಜ್ವರವೆಂದು ರಜೆ ಕೇಳುವುದು ಸುಲಭ. ಶೇ 77 ಮಂದಿ ಯಾರಿಗೂ ಹೇಳದೇ ಇರುವ ನಾಡಿನಲ್ಲಿ ನಾವು ಹೆದರಬೇಕಾದದ್ದು ಸುಳ್ಳು ಹೇಳುವವರಿಗಲ್ಲ. ಹೇಳದೇ ಉಳಿದವರ ಬಗ್ಗೆ ನಮಗೆ ದಿಗಿಲಾಗಬೇಕು.

ಖರ್ಚು ಯಾರು ಭರಿಸುವುದು? ಈ ಖರ್ಚನ್ನು ಮಾಲೀಕರು ಈಗಾಗಲೇ ಭರಿಸುತ್ತಿದ್ದಾರೆ, ಬೇರೆ ಹೆಸರಿನಲ್ಲಿ: ಗೈರುಹಾಜರಿ, ತಪ್ಪಿದ ಟಾರ್ಗೆಟ್, ಕೆಲಸ ಬಿಟ್ಟ ನುರಿತ ಟೈಲರ್, ಅವಳ ಜಾಗಕ್ಕೆ ಹೊಸಬಳಿಗೆ ತರಬೇತಿ. ಹಾಗೆಂದು ಲಾಭದ ಲೆಕ್ಕದ ಮೇಲೆ ಈ ವಾದವನ್ನು ನಿಲ್ಲಿಸಲು ನನಗೆ ಇಷ್ಟವಿಲ್ಲ. ಲಾಭ ಬಾರದಿದ್ದರೂ ಇದನ್ನು ಮಾಡಲೇಬೇಕು. ದಿನದ ಎಂಟು ಗಂಟೆ ನಮಗಾಗಿ ದುಡಿಯುವವಳ ಜೀವದ ಬಗ್ಗೆ ಅಷ್ಟು ಹೊಣೆಯೂ ನಮಗಿಲ್ಲದಿದ್ದರೆ, ಸಂಬಳ ಕೊಟ್ಟ ಮಾತ್ರಕ್ಕೆ ಮಾಲೀಕರೆನಿಸಿಕೊಳ್ಳಲು ನಾವು ತಕ್ಕವರಲ್ಲ.

ಕೇಳಿಕೆ

ಇಲ್ಲಿರುವ ಪ್ರತಿ ಆಡಳಿತಗಾರರಲ್ಲೂ ನನ್ನದೊಂದು ಕೇಳಿಕೆ ಇದೆ. ಈ ತಿಂಗಳು ಮುಗಿಯುವುದರೊಳಗೆ ಆ ಒಂದು ಪುಟದ ಭರವಸೆಯನ್ನು ಬರೆದು ಸಹಿ ಹಾಕಿ. ಒಬ್ಬರನ್ನು ಗುರುತಿಸಿ ತರಬೇತಿಗೆ ಕಳಿಸಿ. ಹತ್ತು ದಿನ ಆಗದಿದ್ದರೆ ಐದು ದಿನದಿಂದಲಾದರೂ ರಜೆ ಆರಂಭಿಸಿ. ಕಾರ್ಮಿಕ ಸಂಘಟನೆಯ ಗೆಳೆಯರು ಮುಂದಿನ ಬೇಡಿಕೆಯ ಪಟ್ಟಿಯಲ್ಲಿ ಕೂಲಿಯ ಪಕ್ಕದಲ್ಲೇ ಇದನ್ನು ಬರೆಯಲಿ. ಕಾನೂನು ವಿದ್ಯಾರ್ಥಿಗಳು 2005ರ ಕಾಯ್ದೆಯನ್ನು ಕಾರ್ಮಿಕ ಕಾನೂನಿನ ಜೊತೆಗಿಟ್ಟು ಓದಲಿ. ಸರ್ಕಾರ ಒಂದು ದಿನ ಶಾಸನ ಮಾಡಿದಾಗ, ಅದನ್ನು ಪಾಲಿಸುವುದು ಹೇಗೆಂದು ಕರ್ನಾಟಕದ ಕಾರ್ಖಾನೆಗಳನ್ನು ನೋಡಿ ಕಲಿಯಿರಿ ಎನ್ನುವಂತಾಗಲಿ. ಗಂಡನ ಹಿಂಸೆಯ ಅಂಕಿಯಲ್ಲಿ ದೇಶಕ್ಕೇ ಮುಂದಿರುವ ನಾವು, ಅದರಿಂದ ಹೊರಬರುವ ದಾರಿ ಮಾಡಿಕೊಡುವುದರಲ್ಲೂ ಮುಂದಿರಬೇಕು. ಅದು ನಮ್ಮ ಮೇಲಿರುವ ಸಾಲ.